ಕೆನ್ನೆಗೆ ಬಿದ್ದ ಏಟು, ಕೈಗೆ ಬಂದ ವಿಸಿಲ್

ಬಸ್ ಕಂಡಕ್ಟರ್ ಆದವಳು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ತಾನಾಗೇ ಕೈ ಅಡ್ಡ ಹಾಕಿ ಬಸ್ ಹತ್ತುತ್ತದೆ. ಹೊಟ್ಟೆಯಲ್ಲಿ ಬೆಂಕಿ ಇರುವಾಗ ಹತ್ತಿದರೆ ಮಾತ್ರ ಕಷ್ಟ. ಕಳೆದ ವರ್ಷ ನಮಗೆ ಹಾಗೇ ಆಯಿತು. ಡಿಪೋದ ಹೆಸರು ಬೇಡ, ಹೆಬ್ಬಾಳ ದಾಟಿದ ಮೇಲೆ ಎಲ್ಲೋ ಇದೆ ಎಂದುಕೊಳ್ಳಿ. ನನ್ನ ಗೆಳತಿಯೂ ಅಲ್ಲೇ ಕಂಡಕ್ಟರ್. ಹೆಂಗಸರ ಸೀಟಿನಲ್ಲಿ ಕೂತಿದ್ದವನೊಬ್ಬನನ್ನು ಎಬ್ಬಿಸಿದಳು. ಅವನು ಕೆನ್ನೆಗೆ ಬಾರಿಸಿದ. ಬಾರಿಸಿದ್ದಲ್ಲದೆ ಇವಳಿಗಿಂತ ಮುಂಚೆ ತಾನೇ ಡಿಪೋಗೆ ಹೋಗಿ ದೂರು ಕೊಟ್ಟ. ಸಸ್ಪೆಂಡ್ ಆದದ್ದು ಇವಳು. ಅವಳ ಮನೆಯಲ್ಲಿ ದುಡಿಯುವ ಕೈ ಅದೊಂದೇ.

ಯಾರ ಲಿಮಿಟ್ಸು?

ಇಬ್ಬರೂ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಅಲ್ಲಿದ್ದವರು ಪೆನ್ನು ತೆಗೆದು ಕೇಳಿದರು, "ಎಲ್ಲಮ್ಮ ಹೊಡೆದಿದ್ದು?"

"ಕೆನ್ನೆಗೆ ಸಾರ್," ಎಂದಳು ಗೆಳತಿ.

"ಅದಲ್ಲಮ್ಮ, ಜಾಗ ಯಾವುದು?"

"ಬಸ್ ಓಡ್ತಾ ಇತ್ತು ಸಾರ್. ಬೈಯೋಕೆ ಶುರು ಮಾಡಿದ್ದು ಫ್ಲೈಓವರ್ ಹತ್ತೋಕೆ ಮುಂಚೆ, ಹೊಡೆದಿದ್ದು ಇಳಿಯುವಾಗ."

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. "ಬೈಗುಳ ನಮ್ಮ ಲಿಮಿಟ್ಸು. ಏಟು ಫ್ಲೈಓವರ್ ಆಚೆ ಸ್ಟೇಷನ್ನಿನವರದು. ಅಲ್ಲಿಗೆ ಹೋಗಿ."

ನನಗೆ ರೇಗಿತು. "ಮುಂದಿನ ಸಲ ಇಲ್ಲೇ ಹೊಡೆಸ್ಕೊಂಡು ಬರ್ತೀವಿ ಬಿಡಿ ಸಾರ್," ಎಂದು ಎದ್ದೆ. ಅವರು ಅದಕ್ಕೂ ತಲೆಯಾಡಿಸಿದರು.

ಗುಲಾಬಿ ವಿಸಿಲ್

ಯೂನಿಯನ್ ಗಲಾಟೆ ಎಬ್ಬಿಸಿದ ಮೇಲೆ ಮೇಲಿನವರು ಮಹಿಳಾ ಸುರಕ್ಷತೆ ಎಂದು ಕ್ಲಾಸ್ ಇಟ್ಟರು. ಎಲ್ಲರ ಕೈಗೂ ಒಂದೊಂದು ಗುಲಾಬಿ ಬಣ್ಣದ ವಿಸಿಲ್. ಯಾರಾದರೂ ತೊಂದರೆ ಕೊಟ್ಟರೆ ನಿಲ್ಲಿಸದೆ ಊದಬೇಕಂತೆ.

ಮೊದಲು ಊದಿದವಳು ನಾನೇ. ಯಶವಂತಪುರದಿಂದ ಶೆಟ್ಟಿಹಳ್ಳಿ ಕಡೆಗೆ ಬಸ್ ತುಂಬಿ ತುಳುಕುತ್ತಿತ್ತು. ಒಬ್ಬ ಬೇಕೆಂದೇ ಮೈಮೇಲೆ ಬೀಳುತ್ತಿದ್ದ. ವಿಸಿಲ್ ತೆಗೆದು ಊದಿದೆ. ಆದರೆ ನಮ್ಮ ಬಸ್ಸುಗಳಲ್ಲಿ ಒಂದು ವಿಸಿಲ್ ಅಂದರೆ ನಿಲ್ಲಿಸು, ಎರಡು ಅಂದರೆ ರೈಟ್, ಹೋಗು. ನಾನು ಊದಿದಷ್ಟೂ ಡ್ರೈವರ್ ಬಸ್ ಓಡಿಸಿದ, ಬಸ್ ಓಡಿದಷ್ಟೂ ನಾನು ಊದಿದೆ. ಸ್ಟಾಪುಗಳು ಹಿಂದೆ ಹೋದವು. ಮೈಮೇಲೆ ಬೀಳುತ್ತಿದ್ದವನೇ "ಅಕ್ಕಾ, ತಪ್ಪಾಯ್ತು, ಇಳಿಸಿಬಿಡಿ" ಎಂದು ಕೈಮುಗಿದ.

ಕೊನೆಗೂ ಬಸ್ ನಿಂತಾಗ ಡ್ರೈವರ್ ತಿರುಗಿ ಕೇಳಿದ, "ಅಷ್ಟೊಂದ್ ರೈಟ್ ಯಾಕಮ್ಮ ಕೊಟ್ಟೆ? ಟೇಕಾಫ್ ಮಾಡೋಕೆ ಇದೇನ್ ವಿಮಾನಾನಾ?"

ವಂದನಾರ್ಪಣೆ

ನಂತರ ಯೂನಿಯನ್ ಸಭೆ, ಮಹಿಳಾ ಸಿಬ್ಬಂದಿಯ ಹಕ್ಕುಗಳ ಬಗ್ಗೆ. ವೇದಿಕೆ ಮೇಲೆ ಇದ್ದವರೆಲ್ಲ ಗಂಡಸರು. ಅವರ ಭಾಷಣಗಳಲ್ಲಿ ನಾವು ತಾಯಿ, ತಂಗಿ, ದೇವತೆ ಎಲ್ಲ ಆದೆವು, ಕಂಡಕ್ಟರ್ ಮಾತ್ರ ಆಗಲಿಲ್ಲ. ಕೊನೆಗೆ ಕಾರ್ಯದರ್ಶಿ ನನ್ನನ್ನು ಕರೆದು, "ಟೈಮ್ ಇಲ್ಲಮ್ಮ, ನೀವು ವಂದನಾರ್ಪಣೆ ಮಾಡ್ಬಿಡಿ" ಎಂದರು.

ಮಾಡಿದೆ. "ಏಟು ತಿಂದವಳನ್ನೇ ಮನೆಗೆ ಕಳಿಸಿದ ಮ್ಯಾನೇಜರಿಗೆ ವಂದನೆಗಳು. ಕೊನೇ ಸ್ಟಾಪಲ್ಲಿ ಹೆಂಗಸರಿಗೆ ಕಕ್ಕಸು ಕಟ್ಟಿಸದವರಿಗೆ ವಂದನೆಗಳು. ನಮ್ಮ ಮಾತನ್ನೂ ತಾವೇ ಆಡಿ ಮುಗಿಸಿದ ಅಣ್ಣಂದಿರಿಗೆ ವಿಶೇಷ ವಂದನೆಗಳು."

ಕಾರ್ಯದರ್ಶಿ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ವಂದನೆ ಸಾಕಮ್ಮ, ಧರಣಿನೇ ಮಾಡೋಣ. ಮೈಕ್ ನೀವೇ ಇಟ್ಕೊಳ್ಳಿ."

ಗೇಟು

ಧರಣಿಯ ದಿನ ಡಿಪೋ ಗೇಟಿಗೆ ಪೊಲೀಸರು ಅಡ್ಡ ನಿಂತಿದ್ದರು. ಒಳಗೆ ಕಾಲಿಟ್ಟವರೆಲ್ಲ ಸಸ್ಪೆಂಡ್ ಎಂದು ಮ್ಯಾನೇಜರ್ ಹೇಳಿ ಕಳಿಸಿದ್ದರು. ಗೇಟು ದಾಟಬಾರದು ಎಂದು ನಮ್ಮಲ್ಲೂ ಮಾತಾಗಿತ್ತು. ಗೆಳತಿ ನನ್ನ ಒಂದು ಕೈ ಹಿಡಿದಿದ್ದಳು, ಇನ್ನೊಂದರಲ್ಲಿ ಮೈಕಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಹೆಸರಘಟ್ಟದ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹಿಂದಿನ ಸಾಲಿನವರ ಮೇಲೇ ಬರುವಂತೆ ಬಂತು. ನನಗೆ ದಿಗಿಲಾಯಿತು. ಧರಣಿ, ಮಾತುಕತೆ ಎಲ್ಲ ಮರೆತು, ಬಾಯಿ ತನ್ನ ಪಾಡಿಗೆ ಡ್ಯೂಟಿ ಮಾಡಿತು. ಮೈಕಿನಲ್ಲಿ ಕೂಗಿಬಿಟ್ಟೆ: "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗ್ರಿ, ಒಳಗೆ ಬೇಕಾದಷ್ಟು ಜಾಗ ಇದೆ."

ಎಲ್ಲರೂ ಹೋದರು. ಅಡ್ಡ ನಿಂತಿದ್ದ ಕಾನ್‌ಸ್ಟೇಬಲ್ಲೇ ಎಲ್ಲರಿಗಿಂತ ಮುಂದೆ ಹೋದ. ನಾವು ಮ್ಯಾನೇಜರ್ ರೂಮಿನಲ್ಲಿ ಕೂತವರು ಸಸ್ಪೆನ್ಷನ್ ರದ್ದಾಗಿ ಸಹಿ ಬೀಳುವ ತನಕ ಏಳಲಿಲ್ಲ. ಆದೇಶ ಹಿಡಿದು ಗೆಳತಿ ಅತ್ತಳು. ನಾನೂ ಅತ್ತೆ.

ಮ್ಯಾನೇಜರ್ ಸಿಟ್ಟನ್ನೆಲ್ಲ ಕಾನ್‌ಸ್ಟೇಬಲ್ ಮೇಲೆ ತೀರಿಸಿಕೊಂಡರು. "ಗೇಟಲ್ಲಿ ನಿಲ್ಲಿ ಅಂತ ತಾನೇ ಕಣ್ರೀ ನಿಮ್ಮನ್ನ ಕರೆಸಿದ್ದು?"

ಅವನು ತಲೆ ತಗ್ಗಿಸಿ ಹೇಳಿದ, "ದಿನಾ ಬಸ್ಸಲ್ಲೇ ಓಡಾಡೋನು ಸಾರ್. ಕಂಡಕ್ಟ್ರಮ್ಮ ಹೇಳಿದ್ಮೇಲೂ ಬಾಗಿಲಲ್ಲೇ ಹೆಂಗ್ ನಿಂತ್ಕೊಳ್ಲಿ?"