ಹೆಸರು ಮಾತ್ರ ಇರಲೇಬೇಕು

ಇಪ್ಪತ್ತೆರಡು ವರ್ಷ ಕಂಡವರ ಪುಸ್ತಕಗಳ ಕರಡು ತಿದ್ದಿದರೂ ಪ್ರೂಫಯ್ಯನ ಹೆಸರು ಒಂದರಲ್ಲೂ ಅಚ್ಚಾಗಲಿಲ್ಲ. ಆ ಹೊಟ್ಟೆಯುರಿಗೇ ಆತ ಸ್ವಂತದ್ದೊಂದು ಆಟ ಬರೆದ. ಮೇಜಿನ ಸುತ್ತ ಕೂತು ಒಬ್ಬ ಕತೆ ಹೇಳಬೇಕು, ಉಳಿದವರು ಒಂದೊಂದು ಪಾತ್ರ ಹಿಡಿದು ದಾಳ ಉರುಳಿಸಬೇಕು. ಕೊಳ್ಳುವವರು ಸಿಗದೆ ಸುಸ್ತಾಗಿ ನಿಯಮಪುಸ್ತಕವನ್ನು ಲೋಕಕ್ಕೇ ಬಿಟ್ಟುಕೊಟ್ಟ. ಮೊದಲ ಪುಟದಲ್ಲೇ ಪರವಾನಗಿ: ಯಾರು ಬೇಕಾದರೂ ಬಳಸಿ, ಹೇಗೆ ಬೇಕಾದರೂ ಬದಲಾಯಿಸಿ, ನನ್ನ ಹೆಸರು ಮಾತ್ರ ಇರಲೇಬೇಕು.

ಭಾನುವಾರ ಬೆಳಗ್ಗೆ ಮೆಟ್ಟಿಲ ಬಳಿಯ ನೋಟಿಸ್ ಬೋರ್ಡಿನಲ್ಲಿ ಆ ಹೆಸರು ಅಂಗೈಯಗಲ ರಾರಾಜಿಸುತ್ತಿತ್ತು. ಎದುರುಮನೆ ಕಾಂಪೌಂಡರ್ ಆಟವನ್ನು ಬದಲಾಯಿಸಿದ್ದ. ಮೂಲದ ಕೋಟೆಯ ಬದಲು ಇದೇ ಕಟ್ಟಡ. ಮೇಲಂತಸ್ತಿನಲ್ಲಿ ನೀರಿನ ವಾಲ್ವ್ ಕಾಯುವ ರಾಕ್ಷಸಿ. ಮೇಲಂತಸ್ತಿನಲ್ಲಿದ್ದವರು ಓನರಮ್ಮ. ಪ್ರೂಫಯ್ಯನ ಮುಂದಿನ ವರ್ಷದ ಬಾಡಿಗೆ ಕರಾರಿಗೆ ಅವರು ಸಹಿ ಹಾಕಬೇಕಿದ್ದದ್ದು ಅವತ್ತೇ ಸಂಜೆ.

"ನನ್ನ ಹೆಸರೊಂದು ತೆಗೆದುಬಿಡಿ ಸ್ವಾಮಿ," ಎಂದ ಪ್ರೂಫಯ್ಯ.

"ಅದು ಹೇಗಾಗುತ್ತೆ? ಇರಲೇಬೇಕು ಅಂತ ನೀವೇ ಬರೆದಿದ್ದೀರಲ್ಲ. ನಾವೇನು ಕದಿಯೋ ಜನಾನಾ?" ಎಂದ ಕಾಂಪೌಂಡರ್.

ಪ್ರೂಫಯ್ಯ ಬೋರ್ಡಿನದನ್ನು ಹರಿದು ಕೆಳಗಿಳಿದರೆ, ನೆಲಮಹಡಿಯ ಟೈಲರ್ ಆಗಲೇ ಮನೆಮನೆಗೂ ಪ್ರತಿ ಹಂಚಿದ್ದ. ಹೆಸರು ಸಣ್ಣದಾಯಿತೆಂದು ಕೆಂಪು ಪೆನ್ನಿನಲ್ಲಿ ದಪ್ಪ ಬೇರೆ ಮಾಡಿದ್ದ, ಪುಣ್ಯಾತ್ಮ. ಓನರಮ್ಮನಿಗೂ ಒಂದು ತಲುಪಿತ್ತು.

ಈ ಮನೆ ಸಿಗಲು ಗಂಡ ಹೆಂಡತಿ ಹನ್ನೊಂದು ತಿಂಗಳು ಅಲೆದಿದ್ದರು. ಹೆಂಡತಿ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತ, "ಹೆಸರು ಬೇಕಿತ್ತಲ್ಲ, ಬಂತು ನೋಡಿ," ಎಂದಳು.

ಸಂಜೆ ಓನರಮ್ಮ ಕರಾರು ಹಿಡಿದು ಬಂದರು. ಕಂಕುಳಲ್ಲಿ ಆಟದ ಪ್ರತಿ.

"ರಾಕ್ಷಸಿ ನಾನೇ ಅಲ್ವಾ?"

ಪ್ರೂಫಯ್ಯ ಬೋರ್ಡಿನಿಂದ ಹರಿದ ಹಾಳೆಯನ್ನು ಬೆನ್ನ ಹಿಂದೆ ಸರಿಸಿದ.

"ಚೆನ್ನಾಗಿದೆ ಕಣ್ರೀ. ನಾನೂ ಆಡ್ತೀನಿ," ಎಂದು ಅವರು ಸಹಿ ಹಾಕಿಯೇಬಿಟ್ಟರು. ಹೆಂಡತಿ ಪಾತ್ರೆ ಹೊರತೆಗೆಯತೊಡಗಿದಳು. ಇಪ್ಪತ್ತೆರಡು ವರ್ಷ ಒಂದು ಅಲ್ಪವಿರಾಮವನ್ನೂ ಬಿಡದ ಪ್ರೂಫಯ್ಯ, ಹೋದ ಜೀವ ಬಂದ ಖುಷಿಯಲ್ಲಿ ಓದದೆಯೇ ಸಹಿ ಹಾಕಿದ. ಹಾಕಿದ ಮೇಲೆ ಓದಿದ.

ಕೊನೆಯ ಷರತ್ತು ಹೊಸದು. ಬಾಡಿಗೆದಾರರ ನಡುಮನೆಯನ್ನು ಕಟ್ಟಡದವರು ಯಾರು ಬೇಕಾದರೂ ಬಳಸಬಹುದು, ಹೇಗೆ ಬೇಕಾದರೂ ಬದಲಾಯಿಸಬಹುದು. ಬಾಗಿಲ ಮೇಲೆ ಬಾಡಿಗೆದಾರರ ಹೆಸರು ಮಾತ್ರ ಇರಲೇಬೇಕು.

"ನಿಮ್ಮ ಮಾತೇ. ಬದಲಾಯಿಸಿಕೊಳ್ಳಿ ಅಂದಿದ್ದಿರಲ್ಲ, ಸ್ವಲ್ಪ ಬದಲಾಯಿಸಿಕೊಂಡೆ," ಎಂದರು ಓನರಮ್ಮ.

ಹೊಸ್ತಿಲಲ್ಲಿ ಕಾಂಪೌಂಡರ್ ದಾಳ ಹಿಡಿದು, ಟೈಲರ್ ಬೆಂಚು ಹೊತ್ತು ನಿಂತಿದ್ದರು. ಪ್ರೂಫಯ್ಯನಿಗೆ ಸಾಕುಸಾಕಾಗಿತ್ತು. ಒಂದು ಗಳಿಗೆ ಕೂರೋಣವೆಂದು ತಿರುಗಿದರೆ, ಅವನ ಕುರ್ಚಿಯಲ್ಲಿ ರಾಕ್ಷಸಿ ಆಗಲೇ ಕೂತಿದ್ದರು.