ಘಾರಾಪುರಿಗೆ ಬಂದ ಸೋದರಮಾವ

ಐವತ್ತರ ದಶಕದ ನಡುವೆ, ಒಂದು ಡಿಸೆಂಬರಿನಲ್ಲಿ, ನಮ್ಮ ಮೂರನೇ ತರಗತಿಯ ಮಕ್ಕಳನ್ನು ಘಾರಾಪುರಿ ದ್ವೀಪದ ಗುಹೆಗಳಿಗೆ ಕರೆದೊಯ್ದರು. ಜೊತೆಗೆ ನನ್ನ ಸೋದರಮಾವನೂ ಬಂದರು.

ಮಾವ ಲೋಕದಲ್ಲಿ ಯಾರನ್ನೂ ನಂಬಿದವರಲ್ಲ. ಸಾಂತಾಕ್ರೂಜಿನ ಉಡುಪಿ ಹೋಟೆಲಿನಲ್ಲಿ ಅಡುಗೆ ಅವರದೇ. ಆದರೂ ಬಡಿಸಿದ ಸಾಂಬಾರನ್ನು ಮೂಸಿಯೇ ಉಣ್ಣುವರು. ಕುರ್ಲಾದಲ್ಲಿ ಲೋಕಲ್ ರೈಲು ಹತ್ತಿ, ದಾದರಿಗೆ ಹೋಗುತ್ತದೆಯೇ ಎಂದು ಮೂವರನ್ನು ಕೇಳುವರು. ಮೂವರೂ ಹೌದೆಂದರೆ ಇಳಿದುಬಿಡುವರು. “ಎಲ್ಲರೂ ಒಂದೇ ಮಾತು ಹೇಳ್ತಾರೆಂದ್ರೆ ಏನೋ ಉಂಟು.”

ತಂದೆಯಿಲ್ಲದ ನನಗೆ ಎಲ್ಲದಕ್ಕೂ ಅವರ ಒಪ್ಪಿಗೆ ಬೇಕು. ಕೇಳಲು ಧಾರವಾಡದ ಕಡೆಯವರಾದ ನಮ್ಮ ಮಾಸ್ತರರೇ ನಾವಿದ್ದ ಚಾಳಿನ ಮನೆಗೆ ಬಂದರು.

“ಅಲ್ಲ ಮಾಸ್ಟ್ರೇ, ಕಲ್ಲು ನೋಡ್ಲಿಕ್ಕೆ ಸಮುದ್ರ ಯಾಕೆ ದಾಟ್ಬೇಕು? ಕುರ್ಲಾದಲ್ಲಿ ಕಲ್ಲಿಲ್ವಾ?”

“ಅವು ಸಾವಿರ ವರ್ಷಕ್ಕಿಂತ ಹಳೇವು ರೀ.”

“ನೋಡಿದವರು ಯಾರು?”

ಮಾಸ್ತರರು ಸೋತರು. “ಹಂಗಾರ ನೀವೂ ಬರ್ರಿ. ನೋಡಿ ನೀವೇ ಹೇಳ್ರಿ.”

ಬೆಳಗಿನ ಸಮುದ್ರ ಶಾಂತವಾಗಿತ್ತು. ಲಾಂಚಿನಲ್ಲಿ ಮಾವ ನನ್ನ ಮಣಿಕಟ್ಟು ಬಿಡಲಿಲ್ಲ. ಗುಹೆಯ ಬಾಗಿಲಲ್ಲಿ ಚಪ್ಪಲಿ ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡರು, ಆಗಲೂ ಬಿಡಲಿಲ್ಲ. ಅವರನ್ನು ನೋಡಿ ಇಡೀ ತರಗತಿ ಚಪ್ಪಲಿ ಕಳಚಿತು.

“ಪೂಜೆ ಎಷ್ಟೊತ್ತಿಗೆ?”

“ಇಲ್ಲಿ ಪೂಜಿ ಇಲ್ಲರೀ.”

“ಇಷ್ಟು ದೊಡ್ಡ ದೇವರಿಗೆ ಪೂಜೆ ಇಲ್ವಾ?” ಮಾವನ ಕಣ್ಣು ಮೂರ್ತಿಗಳ ಮುರಿದ ಕೈಗಳ ಮೇಲೆ ಬಿತ್ತು. “ಮುರಿದದ್ದು ಯಾರು?”

“ಪೋರ್ಚುಗೀಸರು ಅಂತಾರ್ರೀ.”

“ಅವರು ಇನ್ನೂ ಗೋವಾದಲ್ಲೇ ಇದ್ದಾರಲ್ಲ. ಯಾರೂ ಹೋಗಿ ಕೇಳ್ಲಿಲ್ವಾ?”

ಮಾಸ್ತರರು ನಮ್ಮನ್ನು ಮುಂದಿನ ಮೂರ್ತಿಯ ಕಡೆಗೆ ನಡೆಸಿದರು.

ಮೂರು ಮುಖದ ಶಿವನನ್ನು ಮಾತ್ರ ಮಾವ ಒಪ್ಪಿದರು. “ಇವನಾದ್ರೂ ಎಲ್ಲ ಕಡೆ ಕಣ್ಣಿಟ್ಟಿದ್ದಾನೆ.”

ಸಂಜೆ ಗಾಳಿ ಎದ್ದಿತು. ಲಾಂಚು ಕಟ್ಟೆಗೆ ಬಡಿಯುತ್ತಿತ್ತು. ಹತ್ತಲು ಒಂದು ಹಲಗೆ, ಕೆಳಗೆ ನೀರು. ಮಾವ ಹಲಗೆಯ ಮುಂದೆ ನಿಂತರು, ಕಾಲೆತ್ತಲಿಲ್ಲ. ನನ್ನ ತಂದೆ ಮಲ್ಪೆಯಲ್ಲಿ ದೋಣಿ ಹತ್ತಿ ಹೋದವರು ತಿರುಗಿ ಬರಲಿಲ್ಲ. ಅಂದು ಅವರ ಕೈಹಿಡಿದು ಹತ್ತಿಸಿದವರು ಮಾವನೇ.

“ನಾ ಹಿಡೀತೀನಿ, ಕೊಡ್ರಿ” ಎಂದರು ಮಾಸ್ತರರು.

ಮಾವ ಅವರ ಮುಖ ನೋಡಿದರು, ಹಲಗೆ ನೋಡಿದರು, ಮತ್ತೆ ಮುಖ ನೋಡಿದರು. ಆಮೇಲೆ ನನ್ನ ಮಣಿಕಟ್ಟನ್ನು ಅವರ ಕೈಯಲ್ಲಿಟ್ಟರು.

“ಗಟ್ಟಿ ಹಿಡೀರಿ ಮಾಸ್ಟ್ರೇ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ.”

ನಾವು ಮಾಸ್ತರರ ಜೊತೆ ಹೊರಟೆವು. ಗಾಳಿ ನಿಂತ ಮೇಲೆ, ಕೊನೆಯ ಲಾಂಚಿನಲ್ಲಿ ಮಾವ ಒಬ್ಬರೇ ಬಂದರು.

ಮರುವರ್ಷ ನಮ್ಮ ತರಗತಿ ಕಾನ್ಹೇರಿ ಗುಹೆಗಳಿಗೆ ಹೋಯಿತು. ಮಾವ ಒಂದೂ ಪ್ರಶ್ನೆ ಕೇಳದೆ ನನ್ನನ್ನು ಮಾಸ್ತರರ ಜೊತೆ ಕಳಿಸಿ, ಹೋಟೆಲಿನಲ್ಲೇ ಉಳಿದರು.