ಹಿಂದಿನ ಬೆಂಚಿನವರೇ, ಸದ್ದು!

ತರಗತಿಯನ್ನು ಹತೋಟಿಯಲ್ಲಿಡುವ ಕಲೆಯಲ್ಲಿ ನಮ್ಮ ಕನ್ನಡ ಮೇಷ್ಟ್ರನ್ನು ಮೀರಿಸುವವರು ಆಗಿನ ಇಡೀ ಮದರಾಸಿನಲ್ಲಿ ಯಾರೂ ಇರಲಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅವರು ಪಾಠ ಮಾಡುವಾಗ ಒಬ್ಬನೂ ಪಿಸುಗುಟ್ಟುತ್ತಿರಲಿಲ್ಲ, ಒಬ್ಬನೂ ಕಾಗದದ ಬಾಣ ಬಿಡುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ಪ್ರೊಫೆಸರರು ಬೆಕ್ಕಿನ ಕೂಗು, ಬೂಟಿನ ಕೆರೆತ, ಸಾಮೂಹಿಕ ಕೆಮ್ಮುಗಳ ನಡುವೆ ಏದುಸಿರು ಬಿಡುತ್ತಿದ್ದರೆ, ನಮ್ಮ ಕೋಣೆಯಲ್ಲಿ ಗೋಡೆಯ ಹಲ್ಲಿ ಲೊಚಗುಟ್ಟಿದರೂ ಕೇಳಿಸುವಂಥ ಮೌನ! ಇದರ ಗುಟ್ಟೇನು ಅಂತೀರಾ? ತರಗತಿಯಲ್ಲಿದ್ದವನು ನಾನೊಬ್ಬನೇ.

ನಾನೊಬ್ಬನೇ ಎಂದರೆ, ಮಿಕ್ಕವರು ಚಕ್ಕರ್ ಹೊಡೆದಿದ್ದರು ಎಂದಲ್ಲ. ಸೇರಿದ್ದವನೇ ನಾನೊಬ್ಬ. ಇದು ನನಗೆ ಗೊತ್ತಿತ್ತು, ಪ್ರಿನ್ಸಿಪಾಲರಿಗೆ ಗೊತ್ತಿತ್ತು, ಗಂಟೆ ಹೊಡೆಯುವ ಅಟೆಂಡರಿಗೂ ಗೊತ್ತಿತ್ತು. ಗೊತ್ತಿದ್ದೂ ಒಪ್ಪದವರು ಮೇಷ್ಟ್ರು ಮಾತ್ರ.

ಆ ತರಗತಿಗೆ ನಾನು ಹೋಗಿ ಬಿದ್ದದ್ದೇ ಒಂದು ಎಡವಟ್ಟು. ನಮ್ಮದು ತಿರುವಲ್ಲಿಕ್ಕೇಣಿಯಲ್ಲಿ ತಲೆಮಾರುಗಳಿಂದ ಬೇರೂರಿದ ಮಾಧ್ವರ ಮನೆ. ಅಪ್ಪ ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಶಾಲೆಯಲ್ಲೂ ತಮಿಳು. ಕನ್ನಡವೆಂದರೆ ನನಗೆ ಊಟಕ್ಕೆ ಕೂಗಿಸಿಕೊಳ್ಳಲು, ಬೈಸಿಕೊಳ್ಳಲು, ಅಜ್ಜಿಯ ಜೊತೆ ಜಗಳವಾಡಲು ಇದ್ದ ಭಾಷೆ. ಅದಕ್ಕೂ ಅಕ್ಷರಗಳಿವೆ ಎಂಬ ವಿಷಯದ ಕಡೆ ನಾನು ಗಮನವನ್ನೇ ಕೊಟ್ಟಿರಲಿಲ್ಲ. ಪಿ.ಯು.ಸಿ. ಸೇರುವ ದಿನ ಪ್ರಿನ್ಸಿಪಾಲರು ತಲೆ ಎತ್ತದೆ "ಮದರ್ ಟಂಗ್?" ಎಂದರು. ಸತ್ಯವಂತನಾದ ನಾನು "ಕನ್ನಡ, ಸಾರ್" ಎಂದೆ. ಪಕ್ಕದಲ್ಲಿದ್ದ ಗುಮಾಸ್ತರು ಅದನ್ನೇ ನನ್ನ ಎರಡನೆಯ ಭಾಷೆ ಎಂದು ಬರೆದುಕೊಂಡರು. ಮಾತೃಭಾಷೆ ಯಾವುದೆಂದು ಹೇಳಿದ್ದಕ್ಕೆ ಮನುಷ್ಯನಿಗೆ ಇಂಥ ಶಿಕ್ಷೆಯೇ?

ಕಾಲೇಜಿನ ಮೊದಲ ದಿನಗಳೆಂದರೆ ಕೇಳಬೇಕೆ! ಅದುವರೆಗೆ ಚಡ್ಡಿಯಲ್ಲಿದ್ದ ನನಗೆ ಅಪ್ಪ ಪಂಚೆಗೆ ಬಡ್ತಿ ಕೊಟ್ಟಿದ್ದರು. ಸಮುದ್ರದ ಗಾಳಿ ಆ ಪಂಚೆಯನ್ನು ಎಲ್ಲಿಂದೆಲ್ಲಿಗೆ ಹಾರಿಸುತ್ತದೋ ಎಂಬ ಭಯದಲ್ಲಿ ಒಂದು ಕೈ ಪಂಚೆಗೆ, ಒಂದು ಕೈ ಪುಸ್ತಕಕ್ಕೆ. ಮೆಟ್ಟಿಲ ಬಳಿ ಸೀನಿಯರುಗಳ ದಂಡು ಹೊಸಬರನ್ನು ಹಿಡಿದು ಹಾಡಿಸುತ್ತಿತ್ತು, ಕುಣಿಸುತ್ತಿತ್ತು, ಕಂಬಕ್ಕೆ ಪ್ರೇಮ ನಿವೇದನೆ ಮಾಡಿಸುತ್ತಿತ್ತು. ನನ್ನ ಸರದಿಯೂ ಬಂತು.

"ಡೇಯ್, ಇಂಗೆ ವಾಡಾ! ಸೆಕೆಂಡ್ ಲಾಂಗ್ವೇಜ್ ಎನ್ನ?"

"ಕನ್ನಡಂ, ಸಾರ್."

ದಂಡಿನ ನಾಯಕನ ಮುಖ ಸಣ್ಣದಾಯಿತು. ಅವನು ನನ್ನ ಭುಜ ತಟ್ಟಿ, "ಅಯ್ಯೋ ಪಾವಂ, ವಿಟ್ಟುಡುಂಗಡಾ" ಎಂದ; ಪಾಪ, ಬಿಟ್ಟುಬಿಡ್ರೋ ಎಂದು ಉಳಿದವರಿಗೆ ಅಪ್ಪಣೆ. ಆ ವರ್ಷ ಇಡೀ ಕಾಲೇಜಿನಲ್ಲಿ ರ‍್ಯಾಗಿಂಗ್‌ನಿಂದ ಬಚಾವಾದ ಹೊಸಬ ನಾನೊಬ್ಬನೇ. ಆದರೆ ಆ ಕರುಣೆಯ ಕಾರಣ ಮಾತ್ರ ತಿಳಿಯಲಿಲ್ಲ.

ಕಾರಣ ಮಹಡಿಯ ಕೊನೆಯ ಕೋಣೆಯಲ್ಲಿ ನನಗಾಗಿ ಕಾದು ನಿಂತಿತ್ತು. ಕೋಣೆ ಎಂದೆನೆ? ಅದು ಸಭಾಂಗಣ! ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಬೆಂಚುಗಳು, ಎತ್ತರದ ವೇದಿಕೆ, ಅದರ ಮೇಲೆ ಮೇಷ್ಟ್ರು. ಮದರಾಸಿನ ಆ ಸೆಕೆಯಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ತಲೆಯ ಮೇಲೆ ಜರಿ ಪೇಟ. ಸಣ್ಣ ಕೋಣೆ ಕೊಡುತ್ತೇವೆಂದು ಪ್ರಿನ್ಸಿಪಾಲರು ಪ್ರತಿವರ್ಷ ಹೇಳುತ್ತಿದ್ದರಂತೆ. "ನಾಳೆ ಹುಡುಗರು ಬಂದರೆ ಎಲ್ಲಿ ಕೂರಿಸಲಿ?" ಎಂದು ಇವರು ಪ್ರತಿವರ್ಷ ಕೇಳುತ್ತಿದ್ದರಂತೆ.

ನಾನು ಸಂಕೋಚದಿಂದ ಕೊನೆಯ ಸಾಲಿನಲ್ಲಿ ಕೂತೆ. ಮೇಷ್ಟ್ರು ಹಾಜರಿ ಕರೆದರು. ನಾನು "ಪ್ರೆಸೆಂಟ್ ಸಾರ್" ಎಂದೆ. ಅವರು ಕನ್ನಡಕದ ಮೇಲಿನಿಂದ ಎಲ್ಲ ಬೆಂಚುಗಳನ್ನೂ ಒಮ್ಮೆ ಸಾವಕಾಶವಾಗಿ ನೋಡಿ, ಗುಡುಗಿದರು:

"ಹಿಂದಿನ ಬೆಂಚಿನವರೇ, ಸದ್ದು!"

ನಾನು ಉಸಿರು ಬಿಡುವುದನ್ನೇ ನಿಲ್ಲಿಸಿದೆ. ಪದ್ಯ ಓದಲು ಹೇಳಿದರು. ಎದ್ದು ನಿಂತೆ. ಪುಸ್ತಕದ ತುಂಬ ಜಿಲೇಬಿಗಳು ಕಂಡವು.

"ಸಾರ್, ನನಗೆ ಕನ್ನಡ ಮಾತಾಡಕ್ಕೆ ಬರತ್ತೆ, ಪಡಿಕ್ಕ ಬರಲ್ಲ ಸಾರ್."

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ನಿಟ್ಟುಸಿರು ಬಿಟ್ಟು, "ಈ ವರ್ಷ ಅರ್ಧ ತರಗತಿಗೆ ಅಕ್ಷರವೇ ಬರುವುದಿಲ್ಲ" ಎಂದರು. ಯಾವ ಅರ್ಧ, ಸೊಂಟದ ಮೇಲಿನದೋ ಕೆಳಗಿನದೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವತ್ತಿನಿಂದ ಪಾಠ ಎರಡು ಭಾಗವಾಯಿತು. ಮೊದಲು ಅ ಆ ಇ ಈ ತಿದ್ದುವುದು, ಆಮೇಲೆ ನೇರವಾಗಿ ಹಳಗನ್ನಡ. ನಡುವಿನ ಸಾವಿರ ವರ್ಷಗಳನ್ನು ನಾನೇ ಹಾರಿಕೊಳ್ಳಬೇಕಾಗಿತ್ತು!

ಪರೀಕ್ಷೆ ಬಂತು. "ಹತ್ತಿರ ಹತ್ತಿರ ಕೂಡಬೇಡಿ. ಒಬ್ಬರದನ್ನೊಬ್ಬರು ನೋಡಿ ಬರೆದರೆ ಇಬ್ಬರನ್ನೂ ಹೊರಗೆ ಕಳಿಸುತ್ತೇನೆ" ಎಂದು ಎಚ್ಚರಿಸಿ, ಗಂಟೆ ಹೊಡೆಯುವ ತನಕ ಬೆಂಚುಗಳ ನಡುವೆ ಗಸ್ತು ತಿರುಗಿದರು. ಮರುವಾರ ಫಲಿತಾಂಶ ಹೇಳುವಾಗ, "ಕೆಲವರು ತಕ್ಕಮಟ್ಟಿಗೆ ಬರೆದಿದ್ದಾರೆ" ಎಂದರು. ನಾನು ಉಬ್ಬಿದೆ. "ಕೆಲವರದು ನೋಡಲಾರದಷ್ಟು ಕಳಪೆ" ಎಂದರು. ನಾನೇ ತಲೆ ತಗ್ಗಿಸಿದೆ. ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೊದಲ ರ‍್ಯಾಂಕಿನ ಖುಷಿಗೆ ಒಂದು ವಡೆಯನ್ನೂ ಕೊನೆಯ ರ‍್ಯಾಂಕಿನ ದುಃಖಕ್ಕೆ ಇನ್ನೊಂದು ವಡೆಯನ್ನೂ ತಿಂದೆ.

ಇದಕ್ಕಿಂತ ಘೋರವಾದದ್ದು ತರಗತಿಯ ಪ್ರತಿನಿಧಿಯ ಚುನಾವಣೆ. ನೇಮಿಸಿಬಿಡಿ ಸಾರ್ ಎಂದರೆ ಕೇಳಲಿಲ್ಲ. ಗುಟ್ಟಿನ ಮತದಾನವೇ ಆಗಬೇಕು! ಚೀಟಿ ಕೊಟ್ಟು, ನಾನು ಬರೆಯುವಾಗ ನೋಡಬಾರದೆಂದು ಗೋಡೆಯ ಕಡೆ ತಿರುಗಿ ನಿಂತರು. ಆಮೇಲೆ ತಮ್ಮ ಪೇಟವನ್ನೇ ಪೆಟ್ಟಿಗೆಯಾಗಿ ಒಡ್ಡಿದರು. ಚೀಟಿ ಬಿಡಿಸಿ ನೋಡಿದವರ ಹುಬ್ಬು ಗಂಟಿಕ್ಕಿತು.

"ಹೆಸರನ್ನು ತಮಿಳಿನಲ್ಲಿ ಬರೆದಿದೆ. ಈ ಮತ ಅಸಿಂಧು."

"ಸಾರ್, ಅದು ನಾನೇ ಬರೆದದ್ದು ಸಾರ್!"

"ಗುಟ್ಟಿನ ಮತದಾನದಲ್ಲಿ ಯಾರ ಮತ ಯಾವುದೆಂದು ಬಹಿರಂಗಪಡಿಸಕೂಡದು. ಕುಳಿತುಕೊಳ್ಳಿ."

ಎದುರಾಳಿಯಿಲ್ಲದ ಚುನಾವಣೆಯಲ್ಲಿ, ನನ್ನದೇ ಮತದಿಂದ, ನಾನು ಸೋತೆ. ಭೂಮಂಡಲದಲ್ಲಿ ಬೇರೆ ಯಾರಿಗಾದರೂ ಈ ಭಾಗ್ಯ ಸಿಕ್ಕಿದೆಯೇ?

ಚಕ್ಕರ್ ಹೊಡೆಯುವ ಸುಖವಂತೂ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ನಾನೊಬ್ಬ ಹೋಗದಿದ್ದರೆ ಅದು ಗೈರುಹಾಜರಿಯಲ್ಲ, ಮುಷ್ಕರ! ಚೇಪಾಕ್‌ನಲ್ಲಿ ಕ್ರಿಕೆಟ್ ಪಂದ್ಯ ನಡೆದಾಗ ಗೆಳೆಯರೆಲ್ಲ ಗುಂಪಾಗಿ ಹೊರಟರು. ನಾನು ಮಾತ್ರ ಕೈಕಟ್ಟಿ ನಿಂತು ರಜೆ ಕೇಳಿದೆ. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, "ಕೊಡಬಹುದಿತ್ತು. ಆದರೆ ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ" ಎಂದರು. ಆ ಸಂಜೆಯೆಲ್ಲ ಕಿಟಕಿಯಿಂದ ಚೇಪಾಕಿನ ಕೂಗಾಟ ಕೇಳಿಸಿಕೊಳ್ಳುತ್ತ ನಾನು ಷಟ್ಪದಿಗೆ ಪ್ರಸ್ತಾರ ಹಾಕಿದೆ.

ಇನ್ನು ಸಾಕು ಅನ್ನಿಸಿತು. ತಮಿಳು ತರಗತಿಯಲ್ಲಿ ನನ್ನ ಶಾಲೆಯ ಗೆಳೆಯರೆಲ್ಲ ಕೂತು ಮಜಾ ಮಾಡುತ್ತಿದ್ದರು. ನನಗೆ ಬರುವುದೂ ತಮಿಳೇ. ಪ್ರಿನ್ಸಿಪಾಲರನ್ನು ಕೇಳಿದೆ. "ಬದಲಾಯಿಸಿಕೋ. ನಿಮ್ಮ ಕನ್ನಡ ಮೇಷ್ಟ್ರು ಒಪ್ಪಬೇಕು, ಅಷ್ಟೆ" ಎಂದರು. ಅವರು ಒಪ್ಪುತ್ತಾರೆಯೇ! ನಾನು ವಾದಕ್ಕೆ ಸಿದ್ಧನಾಗಿ ಹೋಗಿ ವಿಷಯ ಹೇಳಿದೆ. ವಾದಕ್ಕೆ ಅವಕಾಶವೇ ಸಿಗಲಿಲ್ಲ. "ಆಗಲಿ" ಎಂದರು. ಆಮೇಲೆ ಕೋಟು ಎಳೆದುಕೊಂಡು ವೇದಿಕೆ ಹತ್ತಿ, ಖಾಲಿ ಬೆಂಚುಗಳಿಗೆ ಮುಖಮಾಡಿ ನಿಂತರು.

"ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿ ಇಂದು ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ. ಅಕ್ಷರ ಬಾರದೆ ಬಂದವರು ಈಗ ತಪ್ಪಿದರೂ ಬಿಡದೆ ಪದ್ಯ ಓದುತ್ತಾರೆ. ಎಲ್ಲಿದ್ದರೂ ಚೆನ್ನಾಗಿರಲಿ ಎಂದು ನಿಮ್ಮೆಲ್ಲರ ಪರವಾಗಿ ಹಾರೈಸುತ್ತೇನೆ."

ನಗು ಬರಬೇಕಾಗಿತ್ತು, ಬರಲಿಲ್ಲ. ಕೈಮುಗಿದು ಹೊರಗೆ ಬಂದರೆ ಬಾಗಿಲಲ್ಲಿ ಅಟೆಂಡರ್ ನಿಂತಿದ್ದ. "ತಂಬಿ, ನೀ ಪೋನಾ ಕ್ಲಾಸೇ ಕ್ಲೋಸ್. ಸಾರುಕ್ಕು ವೇಲೆ ಪೋಯಿಡುಂ" ಎಂದ. ನಾನು ಹೋದರೆ ತರಗತಿ ಮುಚ್ಚುತ್ತದೆ, ಮೇಷ್ಟ್ರ ಕೆಲಸವೂ ಹೋಗುತ್ತದೆ! ಬಳ್ಳಾರಿ, ಮಂಗಳೂರುಗಳು ಮದರಾಸಿಗೆ ಸೇರಿದ್ದ ಕಾಲದಲ್ಲಿ ಆ ಕಡೆಯ ಹುಡುಗರೆಲ್ಲ ಓದಲು ಇಲ್ಲಿಗೇ ಬರುತ್ತಿದ್ದರಂತೆ. ಆ ದೊಡ್ಡ ಕೋಣೆ ತುಂಬಿ, ಕಿಟಕಿಯ ಕಟ್ಟೆಯ ಮೇಲೂ ಕೂರುತ್ತಿದ್ದರಂತೆ. ರಾಜ್ಯಗಳ ಗಡಿ ಬದಲಾಯಿತು. ಹುಡುಗರು ಬೇರೆ ಊರುಗಳ ಕಾಲೇಜಿಗೆ ಹೋದರು. ಮೇಷ್ಟ್ರು ಮತ್ತು ಬೆಂಚುಗಳು ಇಲ್ಲೇ ಉಳಿದರು.

ನಾನು ತಿರುಗಿ ಒಳಗೆ ಹೋಗಿ ಮೊದಲ ಸಾಲಿನಲ್ಲಿ ಕೂತೆ. ಮೇಷ್ಟ್ರು ನನ್ನನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ತರಗತಿಗೆ ಹೊಸಬರೊಬ್ಬರು ಸೇರಿದ್ದಾರೆ. ಎಲ್ಲರೂ ಸ್ನೇಹದಿಂದ ನೋಡಿಕೊಳ್ಳಿ" ಎಂದರು.

ಉಳಿದದ್ದೇನೋ ಉಳಿದೆ. ಆದರೆ ವರ್ಷದ ಕೊನೆಗೆ ಪ್ರಿನ್ಸಿಪಾಲರು ಇನ್ನೊಂದು ಬಾಂಬು ಹಾಕಿದರು: ಈ ಸಲದ ಫಲಿತಾಂಶ ನೋಡಿ ಕನ್ನಡ ಇರಬೇಕೋ ಬೇಡವೋ ತೀರ್ಮಾನಿಸುತ್ತೇವೆ. ಫಲಿತಾಂಶವೆಂದರೆ ಯಾರು? ನಾನು! ನಾನು ಪಾಸಾದರೆ ನೂರಕ್ಕೆ ನೂರು, ಫೇಲಾದರೆ ಸೊನ್ನೆ. ನಡುವೆ ಯಾವ ಅಂಕಿಯೂ ಇಲ್ಲ! ಇಂಥ ಸಮಯದಲ್ಲಿ, ಪಾಠಗಳಿನ್ನೂ ಮುಗಿದಿಲ್ಲ ಎನ್ನುವಾಗ, ನನಗೆ ಮಂಗನಬಾವು ಬಂತು. ಎರಡು ಕೆನ್ನೆಗಳೂ ಊದಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಬಿದ್ದುಕೊಂಡೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಾಸಾದೆ. ಭರ್ಜರಿಯಾಗಿ ಏನಲ್ಲ, ಬಾಗಿಲ ಸಂದಿನಲ್ಲಿ ನುಸುಳಿದ ಹಾಗೆ. ಆದರೂ ಕನ್ನಡ ವಿಭಾಗಕ್ಕೆ ನೂರಕ್ಕೆ ನೂರು ಬಂತು, ಮೇಷ್ಟ್ರು ಉಳಿದರು. ಅದು ಹೇಗಾಯಿತು ಎಂಬುದಷ್ಟೇ ಬಾಕಿ.

ನಾನು ಮಲಗಿದ ಎರಡನೆಯ ಸಂಜೆ ನಮ್ಮ ಮನೆಯ ಮುಂದೆ ಜರಿ ಪೇಟ ಪ್ರತ್ಯಕ್ಷವಾಯಿತು. "ತರಗತಿ ಕಾಲೇಜಿಗೆ ಬರಲಾರದಂತೆ. ಅದಕ್ಕೆ ನಾನೇ ಬಂದೆ" ಎಂದರು ಅಪ್ಪನಿಗೆ. ನಮ್ಮಜ್ಜಿಗೆ ಸಂಭ್ರಮವೋ ಸಂಭ್ರಮ. ಮಗನನ್ನು, ಸೊಸೆಯನ್ನು, ಕರೆದರೆ ತಮಿಳಿನಲ್ಲೇ ಓಗೊಡುವ ನನ್ನ ತಂಗಿಯರನ್ನು, ಮಹಡಿಯಲ್ಲಿದ್ದ ರೈಲ್ವೆ ಕೆಲಸದ ಹುಬ್ಬಳ್ಳಿಯವರ ಸಂಸಾರವನ್ನು ಎಲ್ಲ ಕೂಗಿ ಕರೆದು ಜಮಖಾನೆ ಹಾಸಿ ಕೂರಿಸಿದರು. ಒಂದಕ್ಷರ ಕನ್ನಡ ಬಾರದ ಎದುರುಮನೆಯ ಮಾಮಿಯೂ, ಪುರಾಣವೋ ಏನೋ, ಕೇಳಿದರೆ ಪುಣ್ಯ ಎಂದುಕೊಂಡು ಬಂದು ಕೂತರು. ನಡುಮನೆ ತುಂಬಿತು. ಜಾಗವಿಲ್ಲದೆ ಒಬ್ಬರು ಹೊಸ್ತಿಲ ಮೇಲೆ ಕೂತರು.

ಮೇಷ್ಟ್ರು ಎದ್ದು ನಿಂತು ಪುಸ್ತಕ ತೆರೆದರು. ಬಾಯಿ ತೆರೆದರು. ಮಾತು ಹೊರಡಲಿಲ್ಲ. ಒಂದೊಂದೇ ಮುಖವನ್ನು ನೋಡುತ್ತ ಹೋದರು. ಎಲ್ಲ ಮುಖಗಳೂ ಅವರನ್ನೇ ನೋಡುತ್ತಿದ್ದವು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಕ್ಷಮಿಸಬೇಕು" ಎಂದರು ಕೊನೆಗೆ, ನಾನೆಂದೂ ಕೇಳದ ಸಣ್ಣ ದನಿಯಲ್ಲಿ. "ಇಷ್ಟು ಜನರ ಮುಂದೆ ನಿಂತು ಬಹಳ ಕಾಲವಾಯಿತು. ಅಭ್ಯಾಸ ತಪ್ಪಿಹೋಗಿದೆ."

ಇಡೀ ವರ್ಷ ಅವರ ಬೆನ್ನ ಹಿಂದೆ ನಕ್ಕವನು ನಾನು. ಅವತ್ತು ಮಾತ್ರ ಕಣ್ಣು ತುಂಬಿ ಬಂತು, ಊದಿದ ಕೆನ್ನೆಯ ಮೇಲೆ ಹರಿಯಿತು. ಅಜ್ಜಿ ಎದ್ದು ಒಂದು ಲೋಟ ನೀರು ತಂದು ಅವರ ಮುಂದಿಟ್ಟರು.

"ಅವಸರ ಏನಿದೆ ಮೇಷ್ಟ್ರೇ? ತಣ್ಣಿ ಕುಡಿದು ನಿಧಾನಕ್ಕೆ ಶುರು ಮಾಡಿ" ಎಂದರು. "ನಾವ್ಯಾರೂ ಎಲ್ಲಿಗೂ ಎದ್ದು ಹೋಗಲ್ಲ."